ಕೇಶವಿನ್ಯಾಸ: ಕೈಕಸುಬು ಸ್ವಂತ ಉದ್ಯಮವಾಗಲು

ಮನುಷ್ಯನ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಕ್ಷೌರಿಕ ವೃತ್ತಿಯ ಲೆಕ್ಕಾಚಾರವೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿದೆ. ಇಂದು ಕತ್ತರಿಸಿದ ಕೂದಲು ನಾಲ್ಕೈದು ವಾರಗಳಲ್ಲಿ ಮತ್ತೆ ಬೆಳೆದಿರುತ್ತದೆ. ಆಗ ಗ್ರಾಹಕನು ಅದೇ ಕುರ್ಚಿಗೆ ಮರಳುವನೋ ಅಥವಾ ಪಕ್ಕದ ಬೀದಿಯ ಅಂಗಡಿಗೆ ಹೋಗುವನೋ ಎಂಬುದೇ ಪ್ರಶ್ನೆ. ದಿನಕ್ಕೆ 10 ಜನರಂತೆ ತಿಂಗಳಲ್ಲಿ 26 ದಿನ ನಡೆಯುವ ಒಂದು ಕುರ್ಚಿಗೆ, ತಿಂಗಳಿಗೊಮ್ಮೆ ತಪ್ಪದೆ ಬರುವ 260 ಜನರಿದ್ದರೆ ಸಾಕು. ಅವರಲ್ಲಿ 26 ಜನ ಬಿಟ್ಟುಹೋದರೆ ಪ್ರತಿದಿನವೂ ಒಂದು ಸರದಿ ಖಾಲಿ ಉಳಿಯುತ್ತದೆ. ಮುಂಬಯಿ, ಪುಣೆಗಳಂತಹ ದುಬಾರಿ ಬಾಡಿಗೆಯ ನಗರಗಳಲ್ಲಿ ಲಾಭವು ನಷ್ಟವಾಗಲು ಇಷ್ಟೇ ಸಾಕಾದೀತು.

ಕರಾವಳಿ ಕರ್ನಾಟಕದ ಭಂಡಾರಿ ಸಮಾಜದ ಅನೇಕರು ಮುಂಬಯಿಯಲ್ಲಿ ಈ ಕಸುಬನ್ನೇ ನಂಬಿ ನೆಲೆ ಕಂಡುಕೊಂಡವರು. ಬಸವಣ್ಣನವರ ಒಡನಾಡಿಯಾಗಿದ್ದ 12ನೆಯ ಶತಮಾನದ ವಚನಕಾರ ಹಡಪದ ಅಪ್ಪಣ್ಣನನ್ನು ತಮ್ಮ ಹಿರಿಯನೆಂದು ಗೌರವಿಸುವ ಪರಂಪರೆ ಕರ್ನಾಟಕದ ಕ್ಷೌರಿಕರಲ್ಲಿದೆ. ಆದರೂ ಜಾತಿಯ ಹೆಸರಿನಲ್ಲಿ ಈ ವೃತ್ತಿಗೆ ಅಂಟಿಸಲಾದ ತಾತ್ಸಾರಕ್ಕೆ ಬೇಸತ್ತು ಮಕ್ಕಳ ಕೈಗೆ ಕತ್ತರಿ ಕೊಡದ ತಂದೆಯರೂ ಇದ್ದಾರೆ. ಈಗ ಎಲ್ಲ ಹಿನ್ನೆಲೆಗಳ ಯುವಕ ಯುವತಿಯರು ಶುಲ್ಕ ತೆತ್ತು ಅದೇ ಕಲೆಯನ್ನು ಕಲಿಯುತ್ತಿದ್ದಾರೆ ಎಂಬುದು ಗಮನಾರ್ಹ. ಹತ್ತನೆಯ ತರಗತಿ ಮುಗಿಸಿದವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ತರಬೇತಿಯುಂಟು. ಅದನ್ನು ಮುಗಿಸಿದ ಮೇಲೆಯೂ ಒಂದೆರಡು ವರ್ಷ ನುರಿತವರ ಕೈಕೆಳಗೆ ದುಡಿಯುವುದು ಲೇಸು.

ಏಕೆಂದರೆ ತಲೆಯಿಂದ ತಲೆಗೆ ಕೂದಲಿನ ಸ್ವಭಾವ ಬೇರೆ. ನೆತ್ತಿಯ ಸುಳಿ ಯಾವ ಕಡೆಗೆ ತಿರುಗಿದೆ ಎಂದು ನೋಡದೆ ಅಲ್ಲಿ ತೀರ ಗಿಡ್ಡವಾಗಿ ಕತ್ತರಿಸಿದರೆ ಕೂದಲು ನಿಮಿರಿ ನಿಲ್ಲುತ್ತದೆ. ಎಷ್ಟು ಬಾಚಿದರೂ ಕೂರುವುದಿಲ್ಲ. ಒದ್ದೆಯಾದ ಕೂದಲು ಹಿಗ್ಗಿ ಉದ್ದವಾಗಿ ಕಾಣುತ್ತದೆ. ಗುಂಗುರು ಕೂದಲಂತೂ ಒಣಗಿದೊಡನೆ ಗಣನೀಯವಾಗಿ ಮೇಲೇರುತ್ತದೆ. ಇದನ್ನು ಅರಿಯದ ಹೊಸಬನು ಅಳತೆ ಸರಿಯಾಗಿಯೇ ಹಿಡಿದಿದ್ದರೂ ಗ್ರಾಹಕನು ಕನ್ನಡಿಯ ಮುಂದೆ ಮುಖ ಸಿಂಡರಿಸುತ್ತಾನೆ. ‘ಸ್ವಲ್ಪ ಗಿಡ್ಡ ಮಾಡಿ’ ಎಂಬ ಮಾತಿಗೆ ನಿಶ್ಚಿತ ಅರ್ಥವಿಲ್ಲ. ಆದುದರಿಂದ ಕೂದಲನ್ನು ಒದ್ದೆ ಮಾಡುವ ಮೊದಲೇ, ಬೆರಳಿನಿಂದ ಉದ್ದವನ್ನು ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು. ಪರಭಾಷೆಯ ಊರಿನಲ್ಲಿ ಅಂಗಡಿ ಇಡುವ ಕನ್ನಡಿಗನಿಗೆ ಅಲ್ಲಿನ ಮರಾಠಿ, ತಮಿಳು ಅಥವಾ ತೆಲುಗು ಕತ್ತರಿಯಷ್ಟೇ ಅಗತ್ಯ.

ಶುಚಿತ್ವದ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಹೆಪಟೈಟಿಸ್ ‘ಬಿ’ ರೋಗಾಣು ದೇಹದ ಹೊರಗೆ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದ ಅಲಗಿನಿಂದಲೂ ಅದು ಹರಡಬಹುದು. ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಬಳಸಬೇಕು, ಮತ್ತು ಅದನ್ನು ಗ್ರಾಹಕನ ಕಣ್ಣೆದುರಿಗೇ ಬಿಚ್ಚಬೇಕು. ಕತ್ತರಿ ಬಾಚಣಿಗೆಗಳನ್ನು ಸೋಪಿನಿಂದ ತೊಳೆದ ಬಳಿಕ ಸೋಂಕುನಿವಾರಕದಿಂದ ಶುದ್ಧಗೊಳಿಸಬೇಕು. ವೃತ್ತಿಗೆ ಇಳಿಯುವವರು ತಾವೂ ಹೆಪಟೈಟಿಸ್ ‘ಬಿ’ ಲಸಿಕೆ ಹಾಕಿಸಿಕೊಳ್ಳುವುದು ಒಳಿತು. ಕೂದಲಿನ ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ತೀವ್ರ ಅಲರ್ಜಿ ಉಂಟುಮಾಡುತ್ತದೆ. ಬಣ್ಣ ಹಚ್ಚುವ 48 ಗಂಟೆಗಳ ಮೊದಲು ಕಿವಿಯ ಹಿಂದೆ ತುಸು ಲೇಪಿಸಿ ಪರೀಕ್ಷಿಸುವುದು ಕ್ಷೇಮ. ಹಬ್ಬ ಮದುವೆಗಳ ಗಡಿಬಿಡಿಯಲ್ಲಿ ಕೈಬಿಡುವುದು ಇದನ್ನೇ! ದಿನವಿಡೀ ನೀರು, ಶಾಂಪೂ, ಬಣ್ಣಗಳಲ್ಲಿ ಅದ್ದುವ ಕೈಗಳಿಗೂ ಚರ್ಮರೋಗ ಬರುವುದುಂಟು. ಕೈಗವಸು ಧರಿಸುವುದರಿಂದ ಅದನ್ನು ಬಹುಮಟ್ಟಿಗೆ ತಡೆಯಬಹುದು.

ಇನ್ನು ಬಂಡವಾಳದ ಮಾತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಒಂದು. 18 ವರ್ಷ ತುಂಬಿದ, ಸ್ವಂತವಾಗಿ ಈ ಕಸುಬು ನಡೆಸುತ್ತಿರುವವರು ಅರ್ಹರು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಮೂಲ ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗಳಿಗಾಗಿ 15,000 ರೂಪಾಯಿವರೆಗಿನ ನೆರವು ದೊರೆಯುತ್ತದೆ. ಯಾವುದೇ ಆಸ್ತಿಯನ್ನು ಅಡವಿಡದೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ರೂಪಾಯಿವರೆಗೆ ಸಾಲ ಪಡೆಯಬಹುದು. ಮರುಪಾವತಿಗೆ 18 ತಿಂಗಳು. ಅದನ್ನು ಸರಿಯಾಗಿ ತೀರಿಸಿದವರು ಇತರ ನಿಬಂಧನೆಗಳಿಗೆ ಒಳಪಟ್ಟು ಮುಂದೆ 2 ಲಕ್ಷದವರೆಗೆ ಪಡೆಯಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ: ಮುದ್ರಾ ಸಾಲ ಪಡೆದು ಅದನ್ನು ಪೂರ್ತಿ ತೀರಿಸದವರಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಅಂಗಡಿ ತೆರೆಯುವ ಉತ್ಸಾಹದಲ್ಲಿ ಯಾವ ಸಾಲ ಮೊದಲು ಎಂಬುದನ್ನು ಯೋಚಿಸದೆ ಅರ್ಜಿ ಹಾಕಿದವರು ಹೀಗೆ ಕಡಿಮೆ ಬಡ್ಡಿಯ ಸಾಲವನ್ನು ಕಳೆದುಕೊಳ್ಳುವ ಸಂಭವವಿದೆ. ನೋಂದಣಿಯನ್ನು ಆಧಾರ್, ಬ್ಯಾಂಕ್ ಖಾತೆಯ ವಿವರ ಹಾಗೂ ಮೊಬೈಲ್ ಸಂಖ್ಯೆಯೊಂದಿಗೆ ಸಮೀಪದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಾಡಿಸಬಹುದು.