ಮಹರ್‌ನ ಸರ ಮಾಡಿಸುವ ಮುನ್ನ

ನಿಖಾಹ್ ನಿಗದಿಯಾದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲ ಓಡಾಟ ಚಿನ್ನದಂಗಡಿಗೆ. ಈಗಂತೂ ಮೊಬೈಲಿನಲ್ಲಿ ಫೋಟೊ ತೋರಿಸಿ, "ಇದೇ ಥರ ಮಾಡಿಕೊಡಿ" ಅನ್ನುವವರು ಬಹಳ. ತಪ್ಪೇನಿಲ್ಲ. ಆದರೆ ಮಹರ್‌ನ ಸರವಾದರೆ ಫೋಟೊಗಿಂತ ಮೊದಲು ತೂಕದ ಮಾತು ಆಗಬೇಕು.

ಕೆಲವು ವರ್ಷಗಳ ಹಿಂದೆ ಅಣ್ಣನ ಮದುವೆಗೆ ನಾವು ಕಲ್ಲು ಕೂರಿಸಿದ ಪದಕದ ಸರ ಮಾಡಿಸಿದೆವು. ತೂಕ 24 ಗ್ರಾಂ, ಅಂದರೆ 3 ಪವನ್. ನಿಖಾಹ್‌ನಲ್ಲಿ 3 ಪವನ್ ಚಿನ್ನ ಎಂದೇ ಹೇಳಿದ್ದಾಯಿತು. ಮುಂದೊಮ್ಮೆ ಪದಕ ಕಳಚಿ ರಿಪೇರಿಗೆ ಕೊಟ್ಟಾಗ, ಕಲ್ಲು ಬಿಚ್ಚಿ ತೂಗಿದರೆ ಚಿನ್ನ ಇದ್ದದ್ದು 21.5 ಗ್ರಾಂ!

"ಹೋಗಲಿ ಬಿಡಿ" ಅಂದರು ಅತ್ತಿಗೆ. ಆದರೆ ಮಹರ್ ಹೆಣ್ಣಿನ ಹಕ್ಕು. ಕಡಿಮೆಯಾದ ಎರಡೂವರೆ ಗ್ರಾಂ ಅಣ್ಣನ ಮೇಲಿನ ಸಾಲವೇ. ಅವರು ಮನಸಾರೆ ಬಿಟ್ಟುಕೊಟ್ಟರೆ ಬೇರೆ ಮಾತು, ದಾಕ್ಷಿಣ್ಯಕ್ಕೆ ಬಿಡಿಸಿಕೊಳ್ಳುವಂತಿಲ್ಲ. ಅಣ್ಣ ಅಷ್ಟೇ ತೂಕದ ಉಂಗುರ ಕೊಟ್ಟ ಮೇಲೆಯೇ ಉಮ್ಮನಿಗೆ ಸಮಾಧಾನವಾದದ್ದು.

ತಮ್ಮನ ಸರದಿ ಬಂದಾಗ ನಾವು ಹುಷಾರಾದೆವು. ಮೊದಲು ಹುಡುಗಿಯನ್ನೇ ಕೇಳಿಸಿದೆವು. ತೊಡುವವಳು ಅವಳು, ಡಿಸೈನ್ ನಮ್ಮದೇಕೆ? "ದಿನಾ ಹಾಕುವಂಥದ್ದು ಸಾಕು, ಕಲ್ಲು ಬೇಡ" ಅಂದಳು. ನಮ್ಮ ಅಜ್ಜಿಯ ಕಾಲದವರು ಕಿವಿಯ ಅಂಚಿನಲ್ಲಿ ಸಾಲಾಗಿ ತೊಡುತ್ತಿದ್ದ ಅಲಿಕತ್ ಉಮ್ಮನ ಪೆಟ್ಟಿಗೆಯಲ್ಲಿತ್ತು. ಅದನ್ನು ಕರಗಿಸಲು ಕೊಡಲಿಲ್ಲ. ಮಾದರಿಗೆ ತೋರಿಸಿ, ಅದೇ ಆಕಾರದ ಸಣ್ಣ ಪದಕ ಬರೆಸಿದೆವು. ಕೆಲಸ ಶುರುವಾಗುವ ಮುಂಚೆ ಚಿತ್ರ ಮನೆಗೆ ತಂದು ಎಲ್ಲರಿಗೂ ತೋರಿಸಿದ್ದೂ ಆಯಿತು.

ಆರ್ಡರ್ ಚೀಟಿಯಲ್ಲಿ ಇಷ್ಟನ್ನು ಬರೆಸಿಕೊಳ್ಳಿ: ಕಲ್ಲು ಬಿಟ್ಟು ನಿವ್ವಳ ಚಿನ್ನ ಎಷ್ಟು, ಎಷ್ಟು ಕ್ಯಾರೆಟ್, ದರ ಯಾವ ದಿನದ್ದು, ಮಜೂರಿ ಮತ್ತು ವೇಸ್ಟೇಜ್ ಎಷ್ಟು, ಕೊಡುವ ದಿನ ಯಾವುದು. 22 ಕ್ಯಾರೆಟ್ ಅಂದರೆ ಸಾವಿರದಲ್ಲಿ 916 ಪಾಲು ಶುದ್ಧ ಚಿನ್ನ. 24 ಗ್ರಾಂ ಸರಕ್ಕೆ ಶೇಕಡಾ 10 ವೇಸ್ಟೇಜ್ ಹಾಕಿದರೆ 2.4 ಗ್ರಾಂ ಚಿನ್ನದ ದುಡ್ಡು. ಅದು ಬಿಲ್ಲಿನಲ್ಲಿರುತ್ತದೆ, ಸರದಲ್ಲಿ ಇರುವುದಿಲ್ಲ. ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನೂ ನೋಡಿ. 2023ರ ಏಪ್ರಿಲ್‌ನಿಂದ ಅದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿ ಪರಿಶೀಲಿಸಬಹುದು.

ಹಳೆಯ ಚಿನ್ನ ಕೊಡುವವರು ಇನ್ನೊಂದು ಮಾತು ನೆನಪಿಡಿ. ಚಿನ್ನಕ್ಕೆ ಚಿನ್ನ ಬದಲಾಯಿಸುವಾಗ ಸಮತೂಕ, ಕೈಯಿಂದ ಕೈಗೆ ಎಂಬುದು ದೀನಿನ ನಿಯಮ. ಆದ್ದರಿಂದ ಹಳೆಯದನ್ನು ಮಾರಿ, ಹಣ ಕೈಗೆ ಬಂದ ಮೇಲೆ ಹೊಸದರ ಮಾತಾಡಿ.

ಕೈಕೆಲಸದಲ್ಲಿ ತೂಕ ಸ್ವಲ್ಪ ಅತ್ತಿತ್ತ ಆಗುವುದುಂಟು. ತಮ್ಮನ ಸರ 23.6 ಗ್ರಾಂ ಬಂತು. ಮಾತು ಕೊಟ್ಟದ್ದು 3 ಪವನ್. ಉಳಿದ 0.4 ಗ್ರಾಂಗೆ ಒಂದು ಚಿಕ್ಕ ಬಳೆಯಂಥ ಕೊಂಡಿ ಸೇರಿಸಿ, ಮತ್ತೆ ತೂಗಿಸಿಯೇ ಮನೆಗೆ ತಂದೆವು. ನಿಖಾಹ್‌ನ ದಿನ 3 ಪವನ್ ಎಂದು ಹೇಳುವಾಗ ತಮ್ಮನ ನಾಲಗೆ ತಡವರಿಸಲಿಲ್ಲ.