ಬೇಸಿಗೆ ಸೂಟಿಯಲ್ಲಿ ಸಣ್ಣ ಮಕ್ಕಳು



ಸಾಲಿಗೆ ಸೂಟಿ ಬಿಟ್ಟಿದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯ ವರೆಗೆ ಮಕ್ಕಳು ಮನೆಯಲ್ಲಿ. ದೊಡ್ಡವರಿಗೋ ಸೂಟಿ ಇಲ್ಲ. ಮಾಗಿ ಉಳುಮೆ ಆಗಬೇಕು, ಗೊಬ್ಬರ ಹೇರಬೇಕು, ಒಡ್ಡು ಕಟ್ಟಬೇಕು, ಬಣವಿ ಮುಚ್ಚಬೇಕು. ಅವ್ವ ಹೊಲಕ್ಕೆ, ಅಪ್ಪ ಸಂತೆಗೆ. ಮಕ್ಕಳು ಅಜ್ಜ-ಅಮ್ಮನ ಪಾಲಿಗೆ. ಅವರ ಕಣ್ಣು ತಪ್ಪಿದರೆ ಬಿಸಿಲಿನ ಪಾಲಿಗೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಬಿಸಿಲು ಹೇಗಿರುವದೆಂದು ನಿಮಗೆ ನಾನು ಹೇಳಬೇಕೆ? ಮಧ್ಯಾಹ್ನಕ್ಕೆ 40 ಡಿಗ್ರಿಯ ಆಸುಪಾಸು ಮುಟ್ಟುವದು.

"ಹೊರಗ ಹೋಗಬ್ಯಾಡ" ಎಂದು ಬಾಗಿಲು ಹಾಕಿದರೆ ಆಯಿತೆ? ಆಗದು. ಬೇಡವೆಂದ ಕಡೆಗೇ ಮಕ್ಕಳ ಕಾಲು ಓಡುವದು. ಅದರ ಬದಲು ನಾವೇ ಕೈ ಹಿಡಿದು ಕರೆದುಕೊಂಡು ಹೋಗಿ, ಯಾವುದು ಚಂದ, ಯಾವುದು ಅಪಾಯ ಎಂದು ತೋರಿಸಿದರೆ, ಕಂಡ ಮಾತು ಮಗುವಿನ ತಲೆಯಲ್ಲಿ ನಿಲ್ಲುವದು. ಇದಕ್ಕೆ ರೊಕ್ಕ ಬೇಡ. ಹೊತ್ತು ನೋಡಿ ನಡೆದರೆ ಸಾಕು.

ಮೊದಲು ಮುಂಜಾನೆಯ ಮಾತು. ಹೊತ್ತು ಹುಟ್ಟಿದಾಗಿನಿಂದ ಒಂಬತ್ತು ಗಂಟೆಯ ತನಕ ಹೊಲ ಮಕ್ಕಳಿಗೆ ಒಳ್ಳೆಯ ಸಾಲಿ. ಎಲ್ಲವೂ ಒಣಗಿ ನಿಂತ ಹೊತ್ತಿನಲ್ಲಿ ಬದುವಿನ ಬೇವು ಮಾತ್ರ ಹಸಿರಾಗಿರುವದು. ಮೊಮ್ಮಗಳು ಕೇಳುವಳು: "ಯಜ್ಜಾ, ಎಲ್ಲಾ ಒಣಗೇತಿ, ಬೇವಿನ ಗಿಡ ಒಂದ ಹ್ಯಾಂಗ ಹಸರ ಐತಿ?" "ದೇವರ ಮಹಿಮಾ ಬೇ" ಎಂದು ಹೇಳಿ ಮುಗಿಸಬೇಡಿರಿ. ಜೋಳದ ಬೇರು ಮೇಲಿನ ತೇವ ಕುಡಿದು ತೀರಿಸಿತು. ಬೇವಿನ ಬೇರು ಬಹಳ ಕೆಳಗಿಳಿದು ಅಲ್ಲಿಯ ತೇವ ಹುಡುಕುವದು, ಎಂದು ತಿಳಿಸಿರಿ.

ಇದನ್ನು ಕಣ್ಣಿಗೇ ತೋರಿಸಬಹುದು. ಒಂದು ತೆಳ್ಳನೆಯ, ಆಚೆ ಈಚೆ ಕಾಣುವ ಪ್ಲಾಸ್ಟಿಕ್ ಚೀಲವನ್ನು ಮುಂಜಾನೆ ಬಿಸಿಲಿಗಿರುವ ಬೇವಿನ ಟೊಂಗೆಯ ಎಲೆಗಳಿಗೆ ಹೊದಿಸಿ ಬಾಯಿ ಕಟ್ಟಿರಿ. ಮಧ್ಯಾಹ್ನ ನೋಡಿದರೆ ಚೀಲದ ಒಳಗೆ ನೀರಿನ ಹನಿ! ಬೇರು ಮೇಲೆತ್ತಿದ ನೀರನ್ನು ಎಲೆ ಆವಿಯಾಗಿ ಹೊರಗೆ ಬಿಡುವದು. ನೀರು ಆವಿಯಾಗುವಾಗ ಸುತ್ತಲಿನ ಕಾವನ್ನು ತೆಗೆದುಕೊಳ್ಳುವದು. ಆದುದರಿಂದಲೇ ಪತ್ರಾಸಿನ ನೆರಳಿಗಿಂತ ಗಿಡದ ನೆರಳು ತಂಪು. ನಿಮ್ಮ ಮನೆಯ ಮಣ್ಣಿನ ಹರವಿಯ ನೀರು ತಣ್ಣಗಿರುವದೂ ಇದೇ ಕಾರಣದಿಂದ. ಹರವಿ ಬೆವರುವದು, ಒಳಗಿನ ನೀರು ತಣಿಯುವದು. ಮಗುವಿನ ಮೈ ಬೆವರುವದೂ ಹಾಗೆಯೇ. ಹರವಿಗೆ ನೀರು ತುಂಬದಿದ್ದರೆ ಅದು ಬೆವರೀತು ಹೇಗೆ? ಈ ಮಾತು ನೆನಪಿಡಿರಿ, ಮುಂದೆ ಬೇಕಾಗುವದು.

ಇನ್ನು ನೆಲ ನೋಡಿರಿ. ಎರೆ ಹೊಲ ಬಾಯಿ ಬಿಟ್ಟಿದೆ. ಮಸಾರಿ ಹಾಗೆ ಬಿಟ್ಟಿಲ್ಲ. ಮಕ್ಕಳಿಂದ ಎರೆ ಮಣ್ಣಿನ ಒಂದು ಉಂಡೆ, ಮಸಾರಿಯ ಒಂದು ಉಂಡೆ ಕಲಸಿಸಿ ಬಿಸಿಲಿಗಿಡಿಸಿರಿ. ಎರೆಯ ಉಂಡೆ ಕುಗ್ಗಿ ಬಿರಿಯುವದು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಜಿಗುಟು ಅದರಲ್ಲಿ ಹೆಚ್ಚು. ಹಾಗೆಯೇ ಇನ್ನೊಂದು ಮಾತನ್ನೂ ಸೇರಿಸಿರಿ: ಆ ಬಿರುಕು ಚೇಳಿನ ಮನೆ, ಇಲಿಯ ಮನೆ, ಇಲಿಯ ಬೆನ್ನು ಹತ್ತಿದ ಹಾವಿನ ಮನೆ. ನೋಡಬಹುದು, ಕೈ ಹಾಕಬಾರದು.

ಮಾವಿನ ತೋಪಿನಲ್ಲಿ ಕೋಗಿಲೆ ಕೂಗುವದು. ಕೂಗುವದು ಕರಿಯ ಗಂಡು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ಅದು ತಾನು ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವದು. ಉಳುವಾಗ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಹಾರಾಡಿ ಚೀರಿದರೆ, ಹತ್ತಿರದ ಬರಿ ನೆಲದಲ್ಲಿ ಅದರ ಮೊಟ್ಟೆ ಇರುವವೆಂದು ತಿಳಿಯಿರಿ. ಮಣ್ಣಿನ ಬಣ್ಣದ ಮೇಲೆ ಕರಿ ಮಚ್ಚೆ. ಬೇಗ ಕಣ್ಣಿಗೆ ಬೀಳುವಂಥವಲ್ಲ. ಅಷ್ಟು ಜಾಗ ಬಿಟ್ಟು ಉಳಿರಿ. ಅಪ್ಪ ಎತ್ತು ತಿರುಗಿಸಿದ್ದನ್ನು ಅಥವಾ ಟ್ರ್ಯಾಕ್ಟರ ತಿರುಗಿಸಿದ್ದನ್ನು ಕಂಡ ಮಗು ದಯೆ ಎಂದರೇನೆಂದು ಪುಸ್ತಕವಿಲ್ಲದೆ ಕಲಿಯುವದು.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ನಿಮಗೆ ಗೊತ್ತಿದ್ದುದೇ. ಚಳಿಗಾಲದಲ್ಲಿ ಅಲ್ಲಿ ತುಂಬಿದ್ದ ಪಟ್ಟೆತಲೆಯ ಹೆಬ್ಬಾತುಗಳು ಬೇಸಿಗೆಗೆ ಕಾಣುವದಿಲ್ಲ. ಎಲ್ಲಿಗೆ ಹೋದವು? ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆಯ ಕೆರೆಗಳಿಗೆ ಮರಿ ಮಾಡಲು ಹೋದವು. ಚಳಿ ಬಿದ್ದೊಡನೆ ಮತ್ತೆ ಬರುವವು. ಈ ಕೆರೆಯನ್ನು 2024ರಲ್ಲಿ ರಾಮ್‌ಸಾರ್ ಒಪ್ಪಂದದ ಯಾದಿಯಲ್ಲಿ ಸೇರಿಸಿ, ಜಗತ್ತಿನ ಮಹತ್ವದ ಜಲನೆಲೆಗಳಲ್ಲಿ ಒಂದೆಂದು ಮನ್ನಿಸಿದ್ದಾರೆ. ನಮ್ಮ ಊರ ಕೆರೆಯ ಹೆಸರು ಜಗತ್ತಿಗೆ ಗೊತ್ತು, ನಮ್ಮ ಹುಡುಗರಿಗೆ ಗೊತ್ತಿಲ್ಲ ಎಂದಾಗಬಾರದು.

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಉದ್ದಕ್ಕೂ ಚಾಚಿದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಔಷಧಿಯ ಗಿಡಮೂಲಿಕೆಗೆ ಹೆಸರಾದ ಗುಡ್ಡ ಅದು. ಬೇಸಿಗೆಯಲ್ಲಿ ಅಲ್ಲಿಯ ಹುಲ್ಲು ಒಣಗಿ ಸಿದಿಗೆಯಂತೆ ಇರುವದು. ಯಾರೋ ಎಸೆದ ಒಂದು ಬೀಡಿ ತುಂಡು ಸಾಕು, ಗುಡ್ಡದ ಮೈ ಸುಡಲಿಕ್ಕೆ. ಕಡ್ಡಿಪೆಟ್ಟಿಗೆ ಮಕ್ಕಳ ಕೈಗೆ ಸಿಗದಂತೆ ಇಡಿರಿ. ದೊಡ್ಡವರೂ ಕಿಸೆಯಲ್ಲಿಟ್ಟುಕೊಂಡು ಗುಡ್ಡ ಹತ್ತಬೇಡಿರಿ.

ಈಗ ಮಧ್ಯಾಹ್ನ. ಹನ್ನೊಂದರಿಂದ ನಾಲ್ಕರ ತನಕ ಸಣ್ಣ ಮಕ್ಕಳು ನೆರಳಿನಲ್ಲೇ ಇರಬೇಕು. ನಮಗಿಂತ ಮಕ್ಕಳ ಮೈ ಬೇಗ ಕಾಯುವದು, ಬೆವರುವದು ಕಡಿಮೆ. ಆಟದ ಭರದಲ್ಲಿ ಅವರಿಗೆ ನೀರಡಿಕೆ ತಿಳಿಯದು. ಕೇಳುವ ತನಕ ಕಾಯದೆ ಆಗಾಗ ಗುಟುಕು ನೀರು ಕೊಡಿರಿ. ನುಚ್ಚು-ಮಜ್ಜಿಗೆ, ಅಂಬಲಿ, ಉಪ್ಪು ಹಾಕಿದ ಲಿಂಬೆ ಪಾನಕ, ಕಲ್ಲಂಗಡಿ ಇವೆಲ್ಲ ಒಳ್ಳೆಯವು. ಬಣ್ಣದ ನೀರಿನ ಬಾಟ್ಲಿಗೆ ರೊಕ್ಕ ಹಾಕುವ ಕಾರಣವಿಲ್ಲ.

ಆರು ತಿಂಗಳೊಳಗಿನ ಕೂಸಿನ ಮಾತು ಬೇರೆ. ಎಂಥ ಬಿಸಿಲಿದ್ದರೂ ಅದಕ್ಕೆ ನೀರು ಬೇಡ, ಎದೆಹಾಲೇ ಸಾಕು. "ಕೂಸಿನ ಗಂಟಲಾ ಒಣಗತೈತಿ" ಎಂದು ಹಿರಿಯರು ನೀರು ಹನಿಸುವ ರೂಢಿ ಇದೆ. ಅದರ ಬದಲು ಇನ್ನಷ್ಟು ಸಲ ಹಾಲು ಕುಡಿಸಿರಿ, ಕುಡಿಸುವ ತಾಯಿ ಹೊಟ್ಟೆತುಂಬ ನೀರು ಕುಡಿಯಲಿ.

ವಾಂತಿ-ಭೇದಿ ಸುರುವಾದರೆ ಓಆರ್‌ಎಸ್ ಪುಡಿಯ ನೀರು ಕೊಡಿರಿ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಅದು ಸಿಗುವ ತನಕ ಒಂದು ಲೀಟರ ಕಾಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಗೋಪುರವಾಗದಂತೆ ಸಮವಾಗಿ ತುಂಬಿ, ಕರಗಿಸಿರಿ. ಉಪ್ಪು ಹೆಚ್ಚಾಗಬಾರದು; ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ಗುಟುಕು ಗುಟುಕಾಗಿ ಕುಡಿಸಿರಿ. ಮಗು ಆರು ತಾಸು ಒಂದಕ್ಕೆ ಹೋಗದಿದ್ದರೆ, ಕಣ್ಣು ಒಳಗೆ ಹೋದರೆ, ಮಂಕಾದರೆ, ತಡ ಮಾಡದೆ ದವಾಖಾನೆಗೆ ಒಯ್ಯಿರಿ.

ಮೈ ಕೆಂಡದಂತೆ ಕಾದು, ಮಗು ಏನೇನೋ ಬಡಬಡಿಸಿದರೆ ಅಥವಾ ಸೆಟೆದುಕೊಂಡರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು, ಅರಿವೆ ಸಡಿಲಿಸಿ, ಮೈಯೆಲ್ಲ ನೀರಿನಿಂದ ತೋಯಿಸಿ ಗಾಳಿ ಬೀಸಿರಿ. ಮತ್ತೊಬ್ಬರು 108ಕ್ಕೆ ಫೋನು ಮಾಡಲಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು. ಅದು ಉಸಿರಿನ ದಾರಿಗೆ ಹೋಗುವದು.

ಈಗ ಕಠಿಣವಾದ ಮಾತು, ಹೊಂಡದ ಮಾತು. ನಮ್ಮ ಒಣಬೇಸಾಯದ ಸೀಮೆಯಲ್ಲಿ ಕೃಷಿ ಹೊಂಡ ದೊಡ್ಡ ಆಸರೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಊರೂರಿಗೆ ಹೊಂಡಗಳಾದವು. ನೀರು ಇಂಗದಿರಲೆಂದು ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುವದು. ಆ ಹಾಳೆಗೆ ಪಾಚಿ ಹತ್ತಿದರೆ ಬೆಣ್ಣೆ ಸವರಿದಂತೆ. ಒಳಗೆ ಜಾರಿದವನಿಗೆ ಹಿಡಿಯಲಿಕ್ಕೆ ಕಲ್ಲಿಲ್ಲ, ಊರಲಿಕ್ಕೆ ಮೆಟ್ಟಿಲಿಲ್ಲ. ಈಜು ಬಲ್ಲ ದೊಡ್ಡ ಮನುಷ್ಯನೂ ಮೇಲೆ ಬರಲಾರದೆ ಸೋಲುವನು. ಸಣ್ಣ ಮಗುವಿನ ಗತಿ ಏನು?

ಹೋದ ವರ್ಷ ನಮ್ಮ ಹೊಲದಲ್ಲೇ ಆದದ್ದನ್ನು ಹೇಳುವೆನು. ಆರು ವರ್ಷದ ಮೊಮ್ಮಗ ಹೊಂಡದ ದಂಡೆಯ ಮೇಲೆ ಕುಳಿತು ಕಪ್ಪೆಗೆ ಹಳ್ಳು ಒಗೆಯುತ್ತಿದ್ದ. ಒಂದು ಚಪ್ಪಲಿ ಜಾರಿ ನೀರಿನಲ್ಲಿ ತೇಲುತ್ತಿತ್ತು. ಅದನ್ನು ತೆಗೆಯಲು ಅವನು ಬಗ್ಗಿದ್ದ. ನಾನು ಕೂಗಲಿಲ್ಲ, ಕೂಗಿದರೆ ಬೆದರಿ ಬೀಳುವನೆಂದು ಹಿಂದಿನಿಂದ ಹೋಗಿ ರಟ್ಟೆ ಹಿಡಿದೆ. ಆ ದಿನ ಊಟ ಸೇರಲಿಲ್ಲ. ಎರಡು ವರ್ಷದಿಂದ "ನಾಳೆ ಬೇಲಿ ಹಾಕಿದರಾಯಿತು" ಎನ್ನುತ್ತ ಬಂದವನು ನಾನೇ. ಮರುದಿನವೇ ಹಾಕಿದೆ.

ನೀವು ಮರುದಿನದ ದಾರಿ ಕಾಯಬೇಡಿರಿ. ಸುತ್ತಲೂ ತಂತಿಬೇಲಿ ಹಾಕಿರಿ. ಅದಾಗದಿದ್ದರೆ ಸದ್ಯಕ್ಕೆ ಜಾಲಿ ಮುಳ್ಳಾದರೂ ಹಚ್ಚಿರಿ. ನಾಲ್ಕೂ ಕಡೆ ಗಟ್ಟಿ ಗೂಟ ಹುಗಿದು, ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನ ತನಕ ಇಳಿಬಿಡಿರಿ. ಗಾಳಿ ತುಂಬಿದ ಹಳೆಯ ಟ್ಯೂಬು ಒಂದು ಹಗ್ಗಕ್ಕೆ ಕಟ್ಟಿದ್ದು ಅಲ್ಲಿಯೇ ಇರಲಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿರಿ. ಒಬ್ಬರನ್ನು ಉಳಿಸಹೋಗಿ ಇಬ್ಬರಾಗುವರು. ಹಗ್ಗ, ಟ್ಯೂಬು, ಸೀರೆ, ಕೈಗೆ ಸಿಕ್ಕಿದ್ದನ್ನು ಒಗೆಯಿರಿ. ಹೊರಗೆ ತೆಗೆದ ಮಗುವನ್ನು ತಲೆಯ ಮೇಲೆ ಹೊತ್ತು ತಿರುಗಿಸುವದು, ಹೊಟ್ಟೆ ಒತ್ತುವದು ಬೇಡ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಹಚ್ಚಿ ಉಸಿರು ಊದಿರಿ, 108ಕ್ಕೆ ತಿಳಿಸಿರಿ.

ನೀರು ಬೀಳದ ಕೊಳವೆಬಾವಿಯೂ ಹೀಗೆಯೇ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಎರಡು ವರ್ಷದ ಮಗು ತೆರೆದ ಕೊಳವೆಬಾವಿಗೆ ಬಿದ್ದು, ಸುಮಾರು 20 ತಾಸಿನ ನಂತರ ಜೀವಂತವಾಗಿ ಹೊರಬಂದಿತು. ಎಲ್ಲರ ನಸೀಬು ಹಾಗಿರದು. ಕೊರೆಯಿಸಿದ ದಿನವೇ ಕಬ್ಬಿಣದ ಮುಚ್ಚಳ ಹಾಕಿಸಿರಿ, ಬೇಡವಾದುದನ್ನು ಮಣ್ಣು-ಕಲ್ಲಿನಿಂದ ಮುಚ್ಚಿಸಿರಿ.

ಸಂಜೆಗೆ ಬರೋಣ. ನಾಲ್ಕರ ಮೇಲೆ ಮಕ್ಕಳನ್ನು ಅಂಗಳಕ್ಕೆ ಬಿಡಿರಿ. ಹಕ್ಕಿಗಳಿಗೆ ಮಣ್ಣಿನ ಪರಟೆಯಲ್ಲಿ ನೀರಿಡುವದು ಅವರ ಕೆಲಸವಾಗಲಿ. ನಡುವೆ ಒಂದು ಕಲ್ಲಿಟ್ಟರೆ ಸಣ್ಣ ಹಕ್ಕಿ ಕುಳಿತು ಕುಡಿಯುವದು. ದಿನಾಲು ನೀರು ಚೆಲ್ಲಿ ಹೊಸದು ಹಾಕಬೇಕು, ಇಲ್ಲದಿದ್ದರೆ ಸೊಳ್ಳೆಯಾಗುವವು. ಗುಡ್ಡದ ಮೇಲಿನ ಗಾಳಿಯಂತ್ರ ಯಾವ ಕಡೆಗೆ ಮುಖ ಮಾಡಿದೆ ಎಂದು ಕೇಳಿರಿ. ಗಾಳಿ ಬರುವ ಕಡೆಗೇ ಅದು ಮುಖ ತಿರುಗಿಸುವದು. ಪಡುವಣ ಗಾಳಿ ಬಲವಾದಂತೆ ಮುಂಗಾರು ಹತ್ತಿರವಾಗುವದೆಂದು ಅವರೇ ಹೇಳುವರು.

ಮೇ ತಿಂಗಳಿನಲ್ಲಿ ಸಂಜೆಗೆ ಮೋಡ ಕಟ್ಟಿ ಗುಡುಗುವದು. ಆಗ ಒಂದು ಲೆಕ್ಕ ಕಲಿಸಿರಿ. ಮಿಂಚಿದೊಡನೆ ನಿಧಾನವಾಗಿ ಒಂದು, ಎರಡು, ಮೂರು ಎಂದು ಸೆಕೆಂಡಿಗೆ ಒಂದರಂತೆ ಎಣಿಸಬೇಕು. ಮೂರು ಎಣಿಸಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ ದೂರ. ಮೂವತ್ತು ಎಣಿಸುವದರೊಳಗೆ ಗುಡುಗಿದರೆ ಆಟ ಬಂದು. ಗಟ್ಟಿ ಛತ್ತಿನ ಮನೆಯೊಳಗೆ ಓಟ. ಮಧ್ಯಾಹ್ನ ತಾಯಿಯಂತೆ ಕಾಯ್ದ ಅದೇ ಬೇವಿನ ಗಿಡದ ಕೆಳಗೆ ಗುಡುಗಿನ ಹೊತ್ತಿನಲ್ಲಿ ನಿಲ್ಲಬಾರದು. ತಂತಿಬೇಲಿ, ಪಂಪು ಮುಟ್ಟಬಾರದು. ಕೊನೆಯ ಗುಡುಗಿನ ಮೇಲೆ ಅರ್ಧ ತಾಸು ಕಾಯಬೇಕು.

ರಾತ್ರಿ ಸೆಖೆಯೆಂದು ಅಂಗಳದಲ್ಲಿ ನೆಲಕ್ಕೇ ಮಲಗುವವರು ಬಹಳ. ಕಟ್ಟಹಾವು ರಾತ್ರಿ ಮಲಗಿದವರನ್ನು ಕಚ್ಚುವದು. ನೋವು ಅಷ್ಟು ತಿಳಿಯದು. ಮಕ್ಕಳನ್ನು ಹೊರಸಿನ ಮೇಲೆ ಮಲಗಿಸಿ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿರಿ. ಕತ್ತಲಲ್ಲಿ ಏಳುವಾಗ ಬ್ಯಾಟರಿ ಬೇಕು, ಚಪ್ಪಲಿ ಬೇಕು. ಹಾವು ಕಚ್ಚಿದರೆ ಕೊಯ್ಯಬೇಡಿರಿ, ಹೀರಬೇಡಿರಿ, ಬಿಗಿಯಾಗಿ ಕಟ್ಟಬೇಡಿರಿ. ಕಚ್ಚಿದ ಭಾಗ ಅಲುಗಿಸದೆ, ಮಗುವನ್ನು ನಡೆಯಿಸದೆ, ವಿಷಕ್ಕೆ ಇಂಜೆಕ್ಷನ್ ಇರುವ ದವಾಖಾನೆಗೆ ಒಯ್ಯಿರಿ. ಮಂತ್ರ ಹಾಕಿಸುತ್ತ ಕಳೆದ ತಾಸು ತಿರುಗಿ ಬಾರದು.

ಬಾಂಧವರೇ, ಇಷ್ಟನ್ನೆಲ್ಲ ಕೇಳಿ ಬೇಸಿಗೆಯೆಂದರೆ ಬರೀ ಅಂಜಿಕೆ ಎಂದುಕೊಳ್ಳಬೇಡಿರಿ. ಬೇಲಿ ಹಾಕುವದು ಒಂದು ದಿನದ ಕೆಲಸ. ಆ ಮೇಲೆ ಉಳಿದ ದಿನವೆಲ್ಲ ಮಕ್ಕಳದು. ಸೂಟಿ ಮುಗಿಯುವ ಹೊತ್ತಿಗೆ ಬೇವಿನ ಹಣ್ಣು ಉದುರತೊಡಗುವದು. ಅವರಿಂದಲೇ ಆರಿಸಿರಿ. ಬೇವಿನ ಬೀಜ ಬಹಳ ದಿನ ಇಟ್ಟರೆ ಹುಟ್ಟುವದಿಲ್ಲ. ತಿರುಳು ತೊಳೆದು, ನೆರಳಿಗೆ ಆರಿಸಿ, ವಾರದೊಳಗೆ ಬದುವಿನ ಮೇಲೆ ಊರಿಸಿರಿ. ಒಂದೊಂದು ಮಗುವಿಗೆ ಒಂದೊಂದು ಗುಣಿ. ಮಿರಗದ ಮಳೆಗೆ ಮೊಳಕೆ ಕಂಡಾಗ ಆ ಮಗು ಸಾಲಿಯಿಂದ ಓಡಿ ಬಂದು, "ಯವ್ವಾ, ನನ್ನ ಗಿಡಾ ಹುಟ್ಟೇತಿ" ಎನ್ನುವದು. ಆ ಮಾತು ಕೇಳಲು ಮಗು ಸುಖವಾಗಿರಬೇಕು. ಆದುದರಿಂದ ಇಂದು ಸಂಜೆ ಮೊದಲು ಹೊಂಡದ ಕಡೆಗೆ ಹೋಗಿ ಬರ್ರಿ.