ಆಕಾಶವಾಣಿ ಎಂಬ ಮಾತು ಸಿಕ್ಕಿದ್ದು

ತಂಗಿಯ ಮದುವೆಯ ರಥ ಹೊಡೆಯುತ್ತಿದ್ದ ಕಂಸನಿಗೆ ಮೇಲಿಂದ ಒಂದು ದನಿ ಕೇಳಿತು. ಆಡಿದವರು ಕಾಣಲಿಲ್ಲ, ಮಾತು ಮಾತ್ರ ಸ್ಪಷ್ಟವಾಗಿ ಕಿವಿಗೆ ಬಿತ್ತು. ಹರಿಕತೆ ಕೇಳಿ ಬೆಳೆದವರಿಗೆಲ್ಲ ಗೊತ್ತಿದ್ದ ಅಶರೀರವಾಣಿ ಅದು. ಆಕಾಶವಾಣಿ ಅದರ ಇನ್ನೊಂದು ಹೆಸರು. ಈ ಹಳೆಯ ಮಾತಿಗೆ ಹೊಸ ಕೆಲಸ ಸಿಕ್ಕಿದ್ದು ಮೈಸೂರಿನ ಒಂಟಿಕೊಪ್ಪಲಿನ ಒಂದು ಮನೆಯಲ್ಲಿ.

ಮನೆಯ ಹೆಸರು ವಿಠ್ಠಲ ವಿಹಾರ. ಯಜಮಾನರು ಡಾ. ಎಂ. ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1935ರ ಸೆಪ್ಟೆಂಬರ್ 10ರಂದು ಅಲ್ಲಿಂದ ರೇಡಿಯೋ ಪ್ರಸಾರ ಶುರುವಾಯಿತು. ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವಾಟ್. ಆಮೇಲೆ 250 ವಾಟಿನದು ಬಂತು. ಸರ್ಕಾರದ ಕೆಲಸವನ್ನು ಒಬ್ಬ ಮೇಷ್ಟರು ತಮ್ಮ ಮನೆಯಲ್ಲೇ ಹೊತ್ತುಕೊಂಡರು ಎಂಬುದು ನನಗೆ ಇಂದಿಗೂ ದೊಡ್ಡ ಸಂಗತಿ.

ನಿಲಯಕ್ಕೊಂದು ಹೆಸರು ಬೇಕಿತ್ತು. ಅಲ್ಲಿ ಅವರ ಜೊತೆ ದುಡಿದವರು ನಾ. ಕಸ್ತೂರಿ: ಇತಿಹಾಸದ ಅಧ್ಯಾಪಕರು, ಮನೆಮಾತು ಮಲಯಾಳ, ಬರೆದದ್ದು ಕನ್ನಡ. ಮಾತುಗಳನ್ನು ಬಿಚ್ಚಿ, ಮಡಚಿ, ಹೊಸ ಅರ್ಥ ಹೊರಡಿಸುತ್ತಿದ್ದ ‘ಅನರ್ಥಕೋಶ’ದ ಕರ್ತೃ. ಹೆಸರು ಸೂಚಿಸಿದವರು ಅವರೇ ಎನ್ನುವವರಿದ್ದಾರೆ, ಗೋಪಾಲಸ್ವಾಮಿಯವರೇ ಎನ್ನುವವರೂ ಇದ್ದಾರೆ. ಯಾರಿಗೆ ಹೊಳೆದಿದ್ದರೂ ಹೊಳೆದ ಬಗೆ ಸೊಗಸು. ಇಂಗ್ಲಿಷ್ ಪದವನ್ನು ಮುಂದಿಟ್ಟುಕೊಂಡು ತುಂಡು ತುಂಡಾಗಿ ಅನುವಾದಿಸಲು ಅವರು ಹೋಗಲಿಲ್ಲ. ಮೈಯಿಲ್ಲದ ದನಿ ಬಾನಿನಿಂದ ಬರುವುದಕ್ಕೆ ನಮ್ಮಲ್ಲಿ ಆಗಲೇ ಒಂದು ಮಾತಿದೆ ಎಂದು ಗುರುತಿಸಿದರು, ಅಷ್ಟೆ. ಹಾಗಾಗಿ ಅದನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ.

1936ರ ಜೂನ್‌ನಲ್ಲಿ ದೆಹಲಿಯ ಸರ್ಕಾರಿ ಪ್ರಸಾರ ಸಂಸ್ಥೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಿಟ್ಟುಕೊಂಡಿತು. ಮೈಸೂರಿನ ನಿಲಯ 1950ರ ಏಪ್ರಿಲ್ 1ರಂದು ಅದರೊಳಗೆ ಸೇರಿತು, 1955ರಲ್ಲಿ ಬೆಂಗಳೂರಿಗೆ ಹೋಯಿತು. ನಿಲಯ ಹೋದರೂ ಹೆಸರು ಉಳಿಯಿತು: ಆ ದಶಕದಲ್ಲೇ ಇಡೀ ದೇಶದ ಸಂಸ್ಥೆ ಆಕಾಶವಾಣಿಯಾಯಿತು.

ಬಳಕೆಯಲ್ಲಿ ಅರ್ಥವೂ ಜರುಗಿತು. ಪುರಾಣದ ಆಕಾಶವಾಣಿ ಎಂದೋ ಒಮ್ಮೆ ಬಂದು ಕೇಳಿದವನನ್ನು ನಡುಗಿಸುತ್ತಿತ್ತು. ಈ ಆಕಾಶವಾಣಿ ದಿನವೂ ಬಂದು ಮಳೆ, ಬೆಳೆ, ಪೇಟೆ ಧಾರಣೆ ಹೇಳಿತು. ಬಾನುಲಿ ಎಂಬ ಅಚ್ಚಗನ್ನಡ ಪದ ಪುಸ್ತಕಗಳಲ್ಲಿ ನಿಂತಿತು, ಮೇಜಿನ ಮೇಲಿನ ಪೆಟ್ಟಿಗೆ ರೇಡಿಯೋ ಆಗಿಯೇ ಉಳಿಯಿತು. ರೇಡಿಯೋ, ಆಕಾಶವಾಣಿ ಎರಡೂ ಮಾತು ಒಂದೇ ಉಸಿರಿನಲ್ಲಿ ಮನೆಮನೆಯಲ್ಲಿ ಕೇಳುತ್ತಿದ್ದವು: “ರೇಡಿಯೋ ಹಾಕೋ, ಆಕಾಶವಾಣೀಲಿ ವಾರ್ತೆ ಬರೋ ಹೊತ್ತಾಯ್ತು.”